ರಾಜೀನಾಮೆಗೆ ಅಂಗೀಕಾರ ಏಕೆ ಬೇಕು?

ಜರ್ಮನಿಯಲ್ಲಿ ಕೆಲಸ ಎಂದ ಕೂಡಲೇ ಬಂಧುಗಳೆಲ್ಲ ತಲೆದೂಗುತ್ತಾರೆ: "ಅಲ್ಲಿ ಎಲ್ಲವೂ ಅಚ್ಚುಕಟ್ಟು ಬಿಡಿ." ನಾನು ಇಲ್ಲಿ ಮೊದಲು ಸೇರಿದ ಕಂಪನಿಯನ್ನು ಅವರು ನೋಡಬೇಕಿತ್ತು. ಇಬ್ಬರು ಪಾಲುದಾರರು, ಒಬ್ಬರು ಬೆಳಿಗ್ಗೆ ಒಪ್ಪಿದ್ದನ್ನು ಇನ್ನೊಬ್ಬರು ಮಧ್ಯಾಹ್ನ ತಳ್ಳಿಹಾಕುವರು. ಗ್ರಾಹಕರಿಗೆ ಮಾತು ಕೊಡುವವರು ಒಬ್ಬರು, ಬೈಸಿಕೊಳ್ಳುವವರು ಮತ್ತೊಬ್ಬರು. ಎಂದೋ ಕೆಲಸ ಬಿಟ್ಟವರ ಹೆಸರುಗಳು ಜವಾಬ್ದಾರಿಯ ಪಟ್ಟಿಯಲ್ಲಿ ಹಾಗೆಯೇ ಉಳಿದಿದ್ದವು. ಅವರ ಪಾಲಿನ ದೂರುಗಳಿಗೆ ಉತ್ತರಿಸುವ ಪುಣ್ಯ ಹೊಸಬರಾದ ನಮ್ಮದು.

ಅದಕ್ಕೂ ಮೊದಲು ಬೆಂಗಳೂರಿನಲ್ಲಿ ನಾನಿದ್ದ ಕಂಪನಿಯೂ ಇದೇ ಜಾಯಮಾನದ್ದು. ಮಾಲೀಕರ ಮಾತು ಮಾತ್ರ ಇನ್ನೂ ಸಿಹಿ. "ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ" ಎನ್ನುತ್ತಿದ್ದರು, ವಿಶೇಷವಾಗಿ ಸಂಬಳ ತಡವಾದ ತಿಂಗಳುಗಳಲ್ಲಿ. ಹಾಗಾಗಿ ಕೆಟ್ಟ ಆಡಳಿತಕ್ಕೆ ದೇಶಭಾಷೆಗಳ ಹಂಗಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ವ್ಯತ್ಯಾಸ ಕಾಣುವುದು ಬಿಡಲು ಹೊರಟಾಗ.

ಬೆಂಗಳೂರಿನಲ್ಲಿ ನಾನು ರಾಜೀನಾಮೆ ಕಳುಹಿಸಿದಾಗ ಅದು ಕೇವಲ ಅರ್ಜಿಯಾಗಿತ್ತು. ಅದನ್ನು ಅವರು "ಅಂಗೀಕರಿಸಬೇಕು". ಅಂಗೀಕಾರಕ್ಕೆ ಮೊದಲು ಮನವೊಲಿಕೆ, ಆಮೇಲೆ ಮುನಿಸು, ಕೊನೆಗೆ ಮೌನ. ಒಪ್ಪಂದದ ಪ್ರಕಾರ ನಾನು ಬಿಡುವುದಾದರೆ 90 ದಿನದ ನೋಟಿಸ್, ಕಂಪನಿ ನನ್ನನ್ನು ಬಿಡುವುದಾದರೆ 30 ದಿನ. ಸಹಿ ಹಾಕುವಾಗ ಇದನ್ನು ಪ್ರಶ್ನಿಸುವವರು ಯಾರು? ಕೊನೆಯ ದಿನ ಕಳೆದ ಮೇಲೂ ರಿಲೀವಿಂಗ್ ಲೆಟರ್, ಅಂದರೆ ಕೆಲಸದಿಂದ ಬಿಡುಗಡೆ ಮಾಡಿದ್ದೇವೆಂಬ ಪತ್ರ, ಬರಲಿಲ್ಲ, ಕಡೆಯ ತಿಂಗಳ ಸಂಬಳವೂ ಬರಲಿಲ್ಲ. ಎಚ್‌ಆರ್ ವಿಭಾಗಕ್ಕೆ ಫೋನ್ ಮಾಡಿದರೆ "ಸರ್ ಊರಲ್ಲಿಲ್ಲ". ಅತ್ತ ಹೊಸ ಕಂಪನಿ ಆ ಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ಇದು ಹಳೆಯ ಮಾಲೀಕರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರ ಕೈಯಲ್ಲಿರುವ ಕೊನೆಯ ಹಗ್ಗ ಅದೇ.

ಇಲ್ಲಿ ಜರ್ಮನಿಯಲ್ಲಿ ಕೆಲಸ ಬಿಡುವಾಗ ನನಗೆ ಅಚ್ಚರಿಯಾದದ್ದು, ಯಾರ ಅಂಗೀಕಾರವೂ ಬೇಕಿಲ್ಲ ಎಂಬುದು. ಪತ್ರ ಅವರ ಕೈ ಸೇರಿದರೆ ಸಾಕು, ಲೆಕ್ಕ ಶುರು. ಇಮೇಲ್ ಮಾತ್ರ ನಡೆಯುವುದಿಲ್ಲ; ಕಾಗದದ ಮೇಲೆ ಶಾಯಿಯ ಸಹಿಯೇ ಆಗಬೇಕೆಂದು ನಾಗರಿಕ ಸಂಹಿತೆಯ 623ನೇ ಕಲಂ ಹೇಳುತ್ತದೆ. ಇಷ್ಟು ಮುಂದುವರಿದ ದೇಶದಲ್ಲಿ ಲಕೋಟೆ ಹಿಡಿದು ಹೋಗುವಾಗ ನಗು ಬಂದದ್ದು ನಿಜ. ಅದರ ಹಿಂದಿನ 622ನೇ ಕಲಂ ಇನ್ನೂ ಮುಖ್ಯ: ಸಾಮಾನ್ಯವಾಗಿ ನಾಲ್ಕು ವಾರದ ನೋಟಿಸ್, ಪ್ರೊಬೇಷನ್ ಅವಧಿಯಲ್ಲಿ ಎರಡು ವಾರ. ಒಪ್ಪಂದದಲ್ಲಿ ಇದನ್ನು ಹೆಚ್ಚಿಸಬಹುದು, ಆದರೆ ನೌಕರನ ನೋಟಿಸ್ ಮಾಲೀಕನದ್ದಕ್ಕಿಂತ ಉದ್ದವಾಗಿರಕೂಡದು. 90ಕ್ಕೆ 30ರ ಆಟ ಇಲ್ಲಿ ನಡೆಯುವುದೇ ಇಲ್ಲ. ಪಾಲುದಾರರಲ್ಲೊಬ್ಬರು ನನ್ನೊಡನೆ ಮಾತು ಬಿಟ್ಟರು. ಸಂಬಳ ತಿಂಗಳ ಕೊನೆಗೆ ಬಂತು.

ಅನುಭವ ಪತ್ರವೂ ಇಲ್ಲಿ ಹಕ್ಕು. ಹಾಗೆಂದು ಎಲ್ಲವೂ ಹಾಲುಜೇನಲ್ಲ. ಆ ಪತ್ರದಲ್ಲಿ ನೇರವಾಗಿ ಬೈಯುವಂತಿಲ್ಲವಾದ್ದರಿಂದ ಹೊಗಳಿಕೆಯ ತೂಕದಲ್ಲೇ ಅಂಕ ಕೊಡುತ್ತಾರೆ; ಮಧ್ಯಮ ಅಂಕಕ್ಕಿಂತ ಮೇಲಿನದು ಬೇಕೆಂದರೆ ಅದಕ್ಕೆ ತಕ್ಕ ಕೆಲಸ ಮಾಡಿದ್ದನ್ನು ನೌಕರನೇ ಸಾಬೀತುಪಡಿಸಬೇಕೆಂದು 2014ರಲ್ಲಿ ಇಲ್ಲಿನ ಕಾರ್ಮಿಕ ನ್ಯಾಯಾಲಯಗಳಲ್ಲಿ ಅತ್ಯುನ್ನತವಾದದ್ದೇ ತೀರ್ಪಿತ್ತಿದೆ. ಐದು ನೌಕರರಿರುವ ಕಡೆಯಲ್ಲೂ ಮಾಲೀಕರೆದುರು ತಮ್ಮ ಪರ ಮಾತನಾಡುವ ನೌಕರರ ಮಂಡಳಿ ಚುನಾಯಿಸಬಹುದು, ನಮ್ಮಲ್ಲಿ ಯಾರೂ ಆ ತಂಟೆಗೆ ಹೋಗಿರಲಿಲ್ಲ. ಇನ್ನು ನಮ್ಮಂತಹ ಪರದೇಶಿಗಳಿಗೆ ಬ್ಲೂ ಕಾರ್ಡಿನ (ಪರಿಣತ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ) ಮೊದಲ 12 ತಿಂಗಳು ಕೆಲಸ ಬದಲಿಸುವಾಗ ವಿದೇಶಿಯರ ಕಚೇರಿಗೆ ತಿಳಿಸಬೇಕು. ಅವರು ಬೇಕಿದ್ದರೆ 30 ದಿನ ತಡೆಹಿಡಿಯಬಹುದು. ಕೆಟ್ಟ ಮಾಲೀಕನಿಗೆ ಈ ಭಯದ ವಾಸನೆ ಬೇಗ ಹತ್ತುತ್ತದೆ.

ಭಾರತದಲ್ಲಿ ಕಾನೂನೇ ಇಲ್ಲವೇ? ಇದೆ. ಕೆಲಸ ಬಿಟ್ಟವರ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕೆನ್ನುವ ವೇತನ ಸಂಹಿತೆಯನ್ನು ಸಂಸತ್ತು 2019ರಲ್ಲೇ ಅಂಗೀಕರಿಸಿತು. ಜಾರಿಗೆ ಬರಲು 2025ರ ನವೆಂಬರ್ ಆಯಿತು. ನಮ್ಮ ರಾಜ್ಯವಂತೂ ಐಟಿ ಕಂಪನಿಗಳಿಗೆ, ಕೆಲಸದ ನಿಯಮಗಳನ್ನು ಬರಹದಲ್ಲಿ ಗೊತ್ತುಪಡಿಸಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವರ್ಷಗಟ್ಟಲೆ ವಿನಾಯಿತಿ ಕೊಡುತ್ತಲೇ ಬಂತು.

ಆದರೆ ನನ್ನ ಕೋಪ ಸರ್ಕಾರಕ್ಕಿಂತ ಹೆಚ್ಚಾಗಿ ಆ ರಿಲೀವಿಂಗ್ ಲೆಟರ್ ಕೇಳುವ ಹೊಸ ಕಂಪನಿಗಳ ಮೇಲೆ. ಅವರು ಕೇಳುವುದರಿಂದಲೇ ಹಳೆಯವರಿಗೆ ಬಲ. ಎಲ್ಲಿ, ಎಂದಿನಿಂದ ಎಂದಿನವರೆಗೆ ಕೆಲಸ ಮಾಡಿದೆ ಎಂಬುದು ಭವಿಷ್ಯ ನಿಧಿಯ ಖಾತೆಯಲ್ಲೇ ಇರುತ್ತದೆ. ಬಿಟ್ಟ ದಿನಾಂಕವನ್ನು ನೌಕರನೇ ದಾಖಲಿಸುವ ಸೌಲಭ್ಯ 2020ರಿಂದಲೇ ಇದೆ. ಬೆಂಗಳೂರಿನ ಎಚ್‌ಆರ್ ಗೆಳೆಯರೊಬ್ಬರನ್ನು, ಇಷ್ಟಿದ್ದೂ ಪತ್ರ ಏಕೆಂದು ಕೇಳಿದೆ. "ಎಲ್ಲರೂ ಕೇಳುತ್ತಾರೆ, ನಾವೂ ಕೇಳುತ್ತೇವೆ" ಎಂದರು. ದೊಡ್ಡದೊಂದು ಕಂಪನಿ ನಾಳೆಯಿಂದ ಆ ಪತ್ರ ಬೇಡವೆಂದರೆ ಉಳಿದವರೂ ಬೇಡವೆನ್ನಲು ತಡವಾಗುವುದಿಲ್ಲ. ಅದಕ್ಕೆ ಸಂಸತ್ತಿನ ಅಧಿವೇಶನವೂ ಬೇಕಿಲ್ಲ.