ಪೇಟೆಯಲ್ಲಿ ಮನೆಗಳೂ ಉಳಿಯಲಿ

ನಮ್ಮ ಬೀದಿಯಲ್ಲಿ ಇನ್ನೊಂದು ಮನೆ ಗೋದಾಮಾಯಿತು. ಮೂರು ತಲೆಮಾರು ಬಾಳಿದ ಮನೆ. ಮಕ್ಕಳು ಬನಶಂಕರಿಯ ಕಡೆ ಫ್ಲ್ಯಾಟ್ ಕೊಂಡು ತಾಯಿಯನ್ನೂ ಕರೆದುಕೊಂಡು ಹೋದರು. ಜಗಲಿ ಒಡೆದು ಶಟರ್ ಹಾಕಿದ್ದಾರೆ, ದೇವರ ಕೋಣೆಯಲ್ಲಿ ಬಟ್ಟೆಯ ಮೂಟೆಗಳಿವೆ. ಹೋದವರನ್ನು ನಾನು ದೂರುವುದಿಲ್ಲ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಸಂಸಾರ ನಡೆಸುವ ಕಷ್ಟ ಚಿಕ್ಕಪೇಟೆಯ ಮಗ್ಗುಲಲ್ಲೇ ಹುಟ್ಟಿ ಬೆಳೆದ ನನಗೆ ಚೆನ್ನಾಗಿ ಗೊತ್ತು. ಆದರೆ ನಾವು ಇಲ್ಲಿಂದ ಕದಲುವವರಲ್ಲ. "ಇನ್ನೂ ಆ ಗಲಾಟೆಯಲ್ಲೇ ಇದ್ದೀರಾ?" ಎಂದು ಕೇಳುವ ನೆಂಟರಿಗೆಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಬರೀ ವ್ಯಾಪಾರದ ಜಾಗವಾಗಿರಲಿಲ್ಲ. ಗಾಣಿಗರು, ಕುಂಬಾರರು, ನೇಕಾರರು ದುಡಿಯುವ ಬೀದಿಯಲ್ಲೇ ಬಾಳಿದರು. ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಕ್ರಮ ಇವತ್ತಿಗೂ ನಮ್ಮನ್ನು ಸಾಕುತ್ತಿದೆ. ಮಗಳ ವೀಣೆಯ ತಂತಿ ಕಡಿದರೆ ಬಳೇಪೇಟೆ, ಅವಳ ಹಳೆಯ ಪಠ್ಯಪುಸ್ತಕಕ್ಕೆ ಅವೆನ್ಯೂ ರಸ್ತೆ, ಸ್ವಿಚ್ಚು ವೈರಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಬೇಳೆಕಾಳಿಗೆ ತರಗುಪೇಟೆ, ಹಬ್ಬದ ಹೂವಿಗೆ ಕೆ.ಆರ್. ಮಾರುಕಟ್ಟೆ. ಎಲ್ಲವೂ ಕಾಲ್ನಡಿಗೆಯ ದಾರಿ. ನಮ್ಮ ಮನೆಯಲ್ಲಿ ಕಾರಿಲ್ಲ, ಬೇಕೆಂದು ಅನಿಸಿಯೂ ಇಲ್ಲ. 2017ರಲ್ಲಿ ಮೆಟ್ರೊ ಬಂದ ಮೇಲಂತೂ ಮೆಜೆಸ್ಟಿಕ್ ಒಂದೇ ನಿಲ್ದಾಣದ ಮಾತು. ಅಲ್ಲಿಂದ ರಾಜ್ಯದ ಯಾವ ಮೂಲೆಗೂ ಬಸ್ಸಿದೆ, ರೈಲಿದೆ.

ಚೈತ್ರ ಹುಣ್ಣಿಮೆಯ ರಾತ್ರಿಯ ಮಾತು ಬೇರೆಯೇ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಟರೆ ಪೇಟೆಗೆ ಪೇಟೆಯೇ ಎಚ್ಚರವಾಗಿರುತ್ತದೆ. ಊರೆಲ್ಲ ಅದನ್ನು ನೋಡಲು ಬರುತ್ತದೆ. ನಾವು ಮನೆ ಮುಂದೆ ನೀರು ಹಾಕಿ, ರಂಗೋಲಿ ಬಿಟ್ಟು, ಬುಟ್ಟಿಯಲ್ಲಿ ಮಲ್ಲಿಗೆ ಇಟ್ಟುಕೊಂಡು ಕಾಯುತ್ತೇವೆ. ಮನೆಗಳೇ ಇಲ್ಲದ ಬೀದಿಯಲ್ಲಿ ಆ ರಂಗೋಲಿ ಹಾಕುವವರು ಯಾರು?

ಇನ್ನು ಕಷ್ಟ. ಬೆಳಿಗ್ಗೆ ಹತ್ತಕ್ಕೆ ಶಟರ್‌ಗಳು ಮೇಲೆದ್ದರೆ ರಾತ್ರಿ ಒಂಬತ್ತರವರೆಗೆ ಕಿವಿಗೆ ಬಿಡುವಿಲ್ಲ. ಸಗಟು ಅಂಗಡಿಯಲ್ಲಿ ಒಂದು ಪೆನ್ಸಿಲ್ ಕೇಳಿದರೆ ಡಜನ್ ತೆಗೆದುಕೊಳ್ಳಿ ಎನ್ನುತ್ತಾರೆ. ಮರವಿಲ್ಲ, ಮಕ್ಕಳಿಗೆ ಮೈದಾನವಿಲ್ಲ. ಅಂಗಡಿಗಳು ಬಾಗಿಲು ಹಾಕುವ ಭಾನುವಾರ ಬೀದಿಯೇ ಅವರ ಮೈದಾನ. ಇವನ್ನೆಲ್ಲ ಸಹಿಸಿಕೊಳ್ಳಬಹುದು.

ನನ್ನ ಅತ್ತೆ ಮನೆಯೊಳಗೆ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಆಂಬುಲೆನ್ಸ್ ಬೇಗನೇ ಬಂತು, ಆದರೆ ಬೀದಿಯ ಬಾಯಲ್ಲೇ ನಿಂತುಬಿಟ್ಟಿತು. ಮುಂದೆ ಸರಕು ಇಳಿಸುತ್ತಿದ್ದ ಗಾಡಿ, ಅದರ ಮುಂದೆ ಇನ್ನೊಂದು. ಕಡೆಗೆ ಕೆಳಗಿದ್ದ ಹಮಾಲಿಗಳು ತಲೆಯ ಮೇಲಿನ ಮೂಟೆ ಇಳಿಸಿ, ಸ್ಟ್ರೆಚರ್‌ಗೆ ಕೈ ಹಚ್ಚಿ, "ದಾರಿ ಬಿಡಿ, ದಾರಿ ಬಿಡಿ" ಎಂದು ಕೂಗುತ್ತಾ ಮುಖ್ಯರಸ್ತೆಯವರೆಗೆ ಹೊತ್ತು ತಂದರು. ವಿಕ್ಟೋರಿಯಾ ಆಸ್ಪತ್ರೆಯಂಥ ದೊಡ್ಡಾಸ್ಪತ್ರೆ ಕೂಗಳತೆಯಲ್ಲಿದ್ದೂ ಬೀದಿ ದಾಟಲು ಹಿಡಿದ ಹೊತ್ತು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆ ಹಮಾಲಿಗಳ ಉಪಕಾರವನ್ನು ನಮ್ಮ ಮನೆಯವರು ಮರೆಯುವಂತಿಲ್ಲ.

ಆಂಬುಲೆನ್ಸ್ ಬರಲಾಗದ ಬೀದಿಗೆ ಅಗ್ನಿಶಾಮಕ ವಾಹನ ಬರುವುದು ಹೇಗೆ? 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ಕೆಳಗೆ ಚಾಪೆಯ ಸರಕು, ಮೇಲೆ ವಾಸದ ಮನೆ. ಇಬ್ಬರು ಮಕ್ಕಳೂ ಸೇರಿ ಐವರು ಪ್ರಾಣ ಕಳೆದುಕೊಂಡರು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಮಲಗಲಿಲ್ಲ.

ಅದನ್ನು ಕಂಡ ಅನೇಕರು "ಪೇಟೆ ಮನುಷ್ಯರು ವಾಸಿಸುವ ಜಾಗವಲ್ಲ, ಖಾಲಿ ಮಾಡಿ" ಎಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಹೋಗಬೇಕಾದದ್ದು ಸಂಸಾರಗಳಲ್ಲ, ಹೊತ್ತಿಕೊಳ್ಳುವ ಸರಕಿನ ಗೋದಾಮುಗಳು. ಅಂಗಡಿ ಇರಲಿ, ಗಿರಾಕಿ ಬರಲಿ. ಪ್ಲಾಸ್ಟಿಕ್, ರಾಸಾಯನಿಕ, ಫೋಮ್ ಇವುಗಳ ದಾಸ್ತಾನು ಮಾತ್ರ ಲಾರಿ ಸಲೀಸಾಗಿ ಹೋಗುವ ಊರಾಚೆಯ ಜಾಗದಲ್ಲಿರಲಿ. ಮಾದರಿ ತೋರಿಸಿ, ಮೊಬೈಲ್‌ನಲ್ಲಿ ಆರ್ಡರ್ ಪಡೆದು, ಹೊರಗಿನಿಂದಲೇ ಸರಕು ಕಳಿಸುವ ವರ್ತಕರು ಈಗಾಗಲೇ ಇದ್ದಾರೆ. ಪರವಾನಗಿ ಕೊಡುವವರು ಮೇಲೆ ಮನೆಯಿದೆಯೇ, ಮೆಟ್ಟಿಲು ಎಷ್ಟು ಅಗಲವಿದೆ ಎಂದು ಖುದ್ದಾಗಿ ಬಂದು ನೋಡಬೇಕು. ಕಾಗದ ನೋಡಿ ಮೊಹರು ಒತ್ತಿದರೆ ಸಾಲದು. ಸಂಸಾರಗಳೆಲ್ಲ ಹೊರಟುಹೋದರೆ ಅಂಗಡಿ ಮುಚ್ಚಿದ ಮೇಲೆ ಹೊಗೆ ಕಂಡು ಕೂಗಿಕೊಳ್ಳುವವರಾದರೂ ಯಾರಿರುತ್ತಾರೆ?

ಮಾಲೀಕರ ಪಾಲೂ ಇದರಲ್ಲಿದೆ. ಗೋದಾಮಿಗೆ ಬಾಡಿಗೆ ಹೆಚ್ಚು, ನೀರು ಬರಲಿಲ್ಲ ಎಂಬ ತಕರಾರೂ ಇರುವುದಿಲ್ಲ. ನಮ್ಮ ಕೆಳಮಹಡಿಗೂ ಪ್ಲಾಸ್ಟಿಕ್ ಸಾಮಾನಿನವರು ಒಳ್ಳೆಯ ಮೊತ್ತ ಹಿಡಿದುಕೊಂಡು ಬಂದಿದ್ದರು. ಬೇಡವೆಂದು ಹೇಳಿ, ಕಡಿಮೆ ಬಾಡಿಗೆಗೆ ಸ್ಟೀಲ್ ಪಾತ್ರೆ ಅಂಗಡಿಯವರಿಗೆ ಕೊಟ್ಟೆವು. ಬೀದಿಯ ಉಳಿದ ಮಾಲೀಕರನ್ನೂ ಕೂರಿಸಿಕೊಂಡು ಕೇಳಿದ್ದೇನೆ. ಇಬ್ಬರು ಈ ಸಲದ ಕರಾರು ಮುಗಿಯಲಿ, ನೋಡೋಣ ಎಂದಿದ್ದಾರೆ.