ಸತ್ಯಾಂಶ: ಕಾಡು ಟರ್ಕಿ ಕಡಿಮೆಯಾಗಲು ಕಯೋಟಿಯೊಂದೇ ಕಾರಣವೇ?

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಕಾಡು ಟರ್ಕಿ ಕೋಳಿಗಳನ್ನು ತೋಳದ ಸಂಬಂಧಿ ಕಯೋಟಿಯೇ ತಿಂದು ಮುಗಿಸುತ್ತಿದೆ, ಅದನ್ನು ಕೊಂದರೆ ಸಾಕು ಎಂಬ ಸಂದೇಶ ಹರಿದಾಡುತ್ತಿದೆ. ಕಯೋಟಿ ಟರ್ಕಿಯನ್ನು ತಿನ್ನುವುದೇನೋ ನಿಜ. ಆದರೆ 20ನೇ ಶತಮಾನದ ಕೊನೆಯಲ್ಲಿ ಕಯೋಟಿ ಅಲ್ಲಿ ಹರಡುತ್ತಿದ್ದಾಗಲೇ ಟರ್ಕಿಗಳೂ ಹೆಚ್ಚುತ್ತಿದ್ದವು!

ಹೇಂಟೆ ನೆಲದ ಮೇಲೆಯೇ ಹತ್ತು-ಹನ್ನೆರಡು ಮೊಟ್ಟೆಯಿಟ್ಟು ಸುಮಾರು 28 ದಿನ ಕಾವು ಕೂರುತ್ತದೆ. ರಕೂನ್, ಸ್ಕಂಕ್ ಎಂಬ ಸಣ್ಣ ಕಾಡುಪ್ರಾಣಿಗಳು, ಹಾವು, ಎಲ್ಲಕ್ಕೂ ಆ ಮೊಟ್ಟೆಯ ಮೇಲೆ ಕಣ್ಣು. ಒಡೆದು ಬಂದ ಮರಿಗೆ ಚಳಿಮಳೆಯೂ ಶತ್ರುವೇ. ಅದಕ್ಕೆ ಬೇಕಾದದ್ದು ಮಿಡತೆಗಳಿರುವ ಹುಲ್ಲು: ಮೇಲೆ ಮರೆ, ಬುಡದಲ್ಲಿ ಓಡಾಡಲು ಜಾಗ. ಒತ್ತಾಗಿ ಬೆಳೆದ ಪೈನ್ ತೋಪಿನ ನೆರಳಿನಲ್ಲಿ ಅಂಥ ಹುಲ್ಲು ಬೆಳೆಯುವುದಿಲ್ಲ. ಆದ್ದರಿಂದಲೇ ಅಲ್ಲಿ ಮರಗಳನ್ನು ವಿರಳಗೊಳಿಸಿ, ಕೆಲವು ವರ್ಷಗಳಿಗೊಮ್ಮೆ ನಿಯಂತ್ರಿತ ಬೆಂಕಿ ಹಾಕುತ್ತಾರೆ.