ನಗರ ಹೃದಯಕ್ಕೆ ಪ್ರಾಣಪ್ರತಿಷ್ಠೆ

ಬೆಂಗಳೂರಿನ ಹೃದಯಭಾಗಕ್ಕೆ ಮತ್ತೊಮ್ಮೆ ಜೀವ ತುಂಬಲಾಗುತ್ತದಂತೆ. ಸರ್ಕಾರ ಮತ್ತು ಖಾಸಗಿಯವರು ಕೈಜೋಡಿಸಿ ತುಂಬುತ್ತಾರಂತೆ. ಈ ಶುಭವಾರ್ತೆಯನ್ನು ಚಿಕ್ಕಪೇಟೆಯಲ್ಲಿ ಸೀರೆಯ ಗಂಟು ಹೊತ್ತು ಸಾಗುವ ಹಮಾಲರಿಗೆ ಯಾರಾದರೂ ಓದಿ ಹೇಳಬೇಕು. ಗಂಟು ಇಳಿಸಿ ಮನಸಾರೆ ನಗೋಣವೆಂದರೂ ಅವರಿಗೆ ಅಲ್ಲಿ ಜಾಗವಿಲ್ಲ. ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕಕ್ಕೆ ಚೌಕಾಸಿ ಮಾಡುವ ವಿದ್ಯಾರ್ಥಿಗಳು, ನಸುಕಿನಲ್ಲೇ ಕೆ.ಆರ್. ಮಾರುಕಟ್ಟೆಯ ಹೂವಿನ ಮೂಟೆಗಳ ನಡುವೆ ದಾರಿ ಬಿಡಿಸಿಕೊಳ್ಳುವ ಹೆಂಗಸರು, ಇವರಿಗೆಲ್ಲ ತಾವು ಜೀವ ಹೋದ ಊರಿನಲ್ಲಿ ಓಡಾಡುತ್ತಿದ್ದೇವೆಂಬುದು ಇನ್ನೂ ಗೊತ್ತಾದಂತಿಲ್ಲ.

ಗೊತ್ತಾಗುವುದು ಹೇಗೆ? ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯೇ ಊರಿನ ಹೃದಯವೆಂದು ನಾವು ಶಾಲೆಯಲ್ಲಿ ಓದಿಕೊಂಡಿದ್ದೆವು. ಸಲಹಾ ಸಂಸ್ಥೆಗಳ ನಕ್ಷೆಯಲ್ಲಿ ಅದು ಯಾವತ್ತೋ ಪೂರ್ವಕ್ಕೆ ಸರಿದು, ದಂಡು ಪ್ರದೇಶದ ಎಂ.ಜಿ. ರಸ್ತೆಯ ಸುತ್ತಮುತ್ತ ಬಡಿದುಕೊಳ್ಳುತ್ತಿದೆ. ಒಂದು ಲೋಟ ಕಾಫಿಗೆ 300 ರೂಪಾಯಿ ಕೇಳುವ ಅಂಗಡಿಯಿದ್ದರೆ ಅಲ್ಲಿ ನಾಡಿ ಸಿಕ್ಕಿತೆಂದು ಲೆಕ್ಕ. ನಿಂತುಕೊಂಡೇ ಇಡ್ಲಿ ಮುಗಿಸಿ ಕೈ ತೊಳೆದು ಹೊರಡುವ ಜನರಿರುವ ಕಡೆ ಇರುವುದು ಜೀವವಲ್ಲ, ದಟ್ಟಣೆ. ಅದನ್ನು ನಿವಾರಿಸಲು ಬೇರೆ ಯೋಜನೆ ಇದೆ.

ಈ ಪುನರುಜ್ಜೀವನಕ್ಕೆ ಒಂದು ಗುರುಪರಂಪರೆಯೂ ಇದೆ. 1999ರಲ್ಲಿ ಎಸ್.ಎಂ. ಕೃಷ್ಣ ಅವರು ಊರನ್ನು ಸಿಂಗಪುರ ಮಾಡುವ ಹುಮ್ಮಸ್ಸಿನಲ್ಲಿ ನಂದನ್ ನಿಲೇಕಣಿ ಅವರ ಮುಂದಾಳತ್ವದಲ್ಲಿ ಕಾರ್ಯಪಡೆಯೊಂದನ್ನು ಮಾಡಿದರು. 2008ರಲ್ಲಿ ಯಡಿಯೂರಪ್ಪನವರು ಇನ್ನೊಂದನ್ನು ಮಾಡಿದರು. 2016ರಲ್ಲಿ ಸಿದ್ದರಾಮಯ್ಯನವರು ವಿಷನ್ ಗ್ರೂಪ್ ಕಟ್ಟಿದರು. 2023ರಲ್ಲಿ ಡಿ.ಕೆ. ಶಿವಕುಮಾರ್ ಅವರ ಬ್ರ್ಯಾಂಡ್ ಬೆಂಗಳೂರು ಬಂತು. ನ್ಯಾಯವಾಗಿ ಹೇಳಬೇಕೆಂದರೆ, ಮೊದಲ ತಂಡದ ಕಾಲದಲ್ಲಿ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಬಂತು, ಒಂದಿಷ್ಟು ಶುಚಿಯಾದ ಶೌಚಾಲಯಗಳೂ ಬಂದವು. ಅಷ್ಟನ್ನು ಕಣ್ಣಾರೆ ಕಂಡಿದ್ದೇವೆ. ಆಮೇಲೆ ಕಂಡದ್ದು ಬಹುಪಾಲು ಯೋಜನೆಗಳ ಚಿತ್ರಗಳು. ಸರ್ಕಾರ ಬದಲಾದರೂ ಚಿತ್ರ ಬದಲಾಗುವುದಿಲ್ಲ. ಅದೇ ಅಗಲವಾದ ಕಾಲುದಾರಿ, ಅದೇ ನೆರಳು ಮರ, ಅದೇ ಬಲೂನು ಹಿಡಿದ ಮಗು, ಅದೇ ಸೈಕಲ್ಲಿನ ಮೇಲೆ ನಗುವ ತರುಣಿ. ಚಿತ್ರದಲ್ಲಿರುವ ಯಾರೂ ಬೆವರುವುದಿಲ್ಲ. ಯಾರ ಕೈಯಲ್ಲೂ ತರಕಾರಿ ಚೀಲವಿಲ್ಲ. ಆಕಾಶದಲ್ಲಿ ಒಂದೇ ಒಂದು ಕೇಬಲ್ ಇಲ್ಲ.

ಚಿತ್ರದಿಂದ ಇಳಿದು ನೆಲಕ್ಕೆ ಬಂದ ಸಹಭಾಗಿತ್ವವನ್ನು ನೋಡಬೇಕೆಂದರೆ ಪಾದಚಾರಿ ಮೇಲ್ಸೇತುವೆಯನ್ನು ನೋಡಬೇಕು. ಇದನ್ನು ಸ್ವಲ್ಪ ಹತ್ತಿರ ಹೋಗಿಯೇ ನೋಡುವುದು ಒಳ್ಳೆಯದು. ಒಪ್ಪಂದ ಬಹಳ ಸರಳ. ಖಾಸಗಿಯವರು ತಮ್ಮ ದುಡ್ಡಿನಲ್ಲಿ ಸೇತುವೆ ಕಟ್ಟುತ್ತಾರೆ, ಲಿಫ್ಟ್ ಕೂರಿಸುತ್ತಾರೆ, ವರ್ಷಗಟ್ಟಲೆ ನಿರ್ವಹಿಸುತ್ತಾರೆ. ಪ್ರತಿಯಾಗಿ ಸೇತುವೆಯ ಮೈಮೇಲೆ ಜಾಹೀರಾತು ಹಾಕಿಕೊಳ್ಳುತ್ತಾರೆ. ಪಾಲಿಕೆಗೆ ಖರ್ಚಿಲ್ಲ, ಜನರಿಗೆ ಸೇತುವೆ, ಕಂಪನಿಗೆ ಆದಾಯ. ಕಾಗದದ ಮೇಲೆ ಇದರಲ್ಲಿ ಹುಳುಕು ಹುಡುಕಲು ಸಾಧ್ಯವೇ ಇಲ್ಲ.

ಈಗ ಒಂದು ಸೇತುವೆಯ ಕೆಳಗೆ ನಿಲ್ಲಿ. ಮೊದಲು ಕಣ್ಣಿಗೆ ಬೀಳುವುದು ವಜ್ರದ ಹಾರ ತೊಟ್ಟ ನಟಿ. ಆಕೆಗೆ ಹಗಲೂ ರಾತ್ರಿ ದೀಪವಿದೆ. ಆಕೆಯ ಮೊಣಕೈಯ ಹಿಂದೆ ಎಲ್ಲೋ ಮೆಟ್ಟಿಲಿದೆ, ಅಲ್ಲಿ ದೀಪವಿಲ್ಲ. ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ಹಗ್ಗ, ಹಗ್ಗಕ್ಕೊಂದು ರಟ್ಟು, ರಟ್ಟಿನ ಮೇಲೆ ‘ದುರಸ್ತಿಯಲ್ಲಿದೆ’. ಅಕ್ಷರಗಳು ಬಿಸಿಲಿಗೆ ಮಾಸಿ ಹೋಗಿರುವುದನ್ನು ನೋಡಿದರೆ ದುರಸ್ತಿ ಎಷ್ಟು ಆಳವಾಗಿ ನಡೆಯುತ್ತಿದೆ ಎಂದು ಊಹಿಸಬಹುದು. ಮಂಡಿನೋವಿನ ಅಜ್ಜಿ ಒಬ್ಬರು ಮೆಟ್ಟಿಲನ್ನೊಮ್ಮೆ ನೋಡುತ್ತಾರೆ, ಲಿಫ್ಟನ್ನೊಮ್ಮೆ ನೋಡುತ್ತಾರೆ, ನಟಿಯನ್ನೊಮ್ಮೆ ನೋಡುತ್ತಾರೆ, ಆಮೇಲೆ ದೇವರ ಮೇಲೆ ಭಾರ ಹಾಕಿ ವಾಹನಗಳ ನಡುವೆಯೇ ಇಳಿಯುತ್ತಾರೆ. ಪಕ್ಕದ ಸಿಗ್ನಲ್ಲಿನಲ್ಲಿ ಪಾದಚಾರಿಗಳಿಗೆಂದು ಅರ್ಧ ನಿಮಿಷ ಹಸಿರು ದೀಪ ಕೊಟ್ಟಿದ್ದರೆ ಇಷ್ಟೆಲ್ಲ ಉಕ್ಕು ಬೇಕಿರಲಿಲ್ಲ ಎನ್ನುವವರಿದ್ದಾರೆ. ಅವರಿಗೆ ವ್ಯವಹಾರಜ್ಞಾನವಿಲ್ಲ. ಹಸಿರು ದೀಪದ ಮೇಲೆ ವಜ್ರದ ಹಾರ ನೇತುಹಾಕಲು ಬರುವುದಿಲ್ಲ. 2018ರಲ್ಲಿ ಹೈಕೋರ್ಟ್ ಕಿವಿ ಹಿಂಡಿದ ಮೇಲೆ ಪಾಲಿಕೆ ಊರ ತುಂಬ ಫ್ಲೆಕ್ಸ್, ಹೋರ್ಡಿಂಗ್ ಕಿತ್ತದ್ದು ನೆನಪಿರಬಹುದು. ಅಂಥ ಊರಿನಲ್ಲಿ ಜಾಹೀರಾತಿಗೆ ಮೆಟ್ಟಿಲು ಜೋಡಿಸಿದರೆ ಅದು ಮೂಲಸೌಕರ್ಯವಾಗುತ್ತದೆ ಎಂದು ಕಂಡುಕೊಂಡವನಿಗೆ ರಾಜ್ಯೋತ್ಸವ ಪ್ರಶಸ್ತಿ ಸಲ್ಲಬೇಕು.

ಎಂ.ಜಿ. ರಸ್ತೆಯ ಪಕ್ಕದ ಚರ್ಚ್ ಸ್ಟ್ರೀಟಿನ ಕಥೆ ಇದಕ್ಕಿಂತ ಸ್ವಲ್ಪ ಗೌರವದ್ದು. ಟೆಂಡರ್‌ಶ್ಯೂರ್ ಎಂಬ ರಸ್ತೆ ವಿನ್ಯಾಸದ ಮಾದರಿಯಲ್ಲಿ ಪೈಪು, ಕೇಬಲ್ಲುಗಳನ್ನೆಲ್ಲ ನೆಲದಡಿಗೆ ಇಳಿಸಿ, ಮೇಲೆ ಕಲ್ಲು ಹಾಸಿ, 2018ರಲ್ಲಿ ಬೀದಿಯನ್ನು ಜನರಿಗೆ ಒಪ್ಪಿಸಿದರು. ನಿಜಕ್ಕೂ ಚೆನ್ನಾಗಿತ್ತು. ನಡೆಯುವವರಿಗಾಗಿ ಹಾಸಿದ ಆ ಕಲ್ಲಿನ ಮೇಲೆ ಕಾರು ಓಡಿತು, ಕಲ್ಲು ಎದ್ದಿತು, ಎದ್ದ ಕಲ್ಲನ್ನು ಕೂರಿಸಲು ಲಾರಿ ಬಂತು. 2020ರ ನವೆಂಬರ್‌ನಿಂದ 2021ರ ಫೆಬ್ರವರಿಯವರೆಗೆ ವಾರಾಂತ್ಯದಲ್ಲಿ ವಾಹನಗಳನ್ನು ತಡೆದು, ಗಾಳಿ ಶುದ್ಧವಾಗುತ್ತದೆಯೇ ಎಂದು ಬ್ರಿಟನ್ನಿನ ಸಂಸ್ಥೆಯೊಂದರ ಜೊತೆ ಸೇರಿ ಪ್ರಯೋಗ ನಡೆಸಿದರು. ವಿಜ್ಞಾನಿಗಳು ಅಳೆದರು. ಜನ ನಡುಬೀದಿಯಲ್ಲಿ ಕೈಬೀಸಿಕೊಂಡು ನಡೆದರು. ಪ್ರಯೋಗ ಯಶಸ್ವಿಯಾದ್ದರಿಂದ ಅದನ್ನು ನಿಲ್ಲಿಸಿ ಕಾರುಗಳನ್ನು ಒಳಗೆ ಬಿಟ್ಟರು.

ಈಗಿನ ಹೊಸ ಹುರುಪು ದತ್ತು ಸ್ವೀಕಾರದ್ದು. ಕೆರೆ, ಉದ್ಯಾನ, ವೃತ್ತ, ಬೀದಿ ಎಲ್ಲವನ್ನೂ ದತ್ತು ಕೊಡಲಾಗುತ್ತದೆ. ಸಾಮಾನ್ಯವಾಗಿ ತಂದೆತಾಯಿ ಇಲ್ಲದ ಮಕ್ಕಳನ್ನು ದತ್ತು ಕೊಡುತ್ತಾರೆ. ಇಲ್ಲಿ ಜನಕನೇ ಮುಂದೆ ನಿಂತು, ಫೋಟೋ ತೆಗೆಸಿಕೊಂಡು, ಮಗುವಿನ ಆಸ್ತಿ ತೆರಿಗೆಯನ್ನು ಮಾತ್ರ ತಾನೇ ವಸೂಲು ಮಾಡುವುದಾಗಿ ಹೇಳಿ ಕೊಟ್ಟು ಕಳಿಸುತ್ತಾನೆ. ದತ್ತು ಪಡೆದವರು ಮೊದಲು ಮಾಡುವುದು ನಾಮಕರಣ. ಬೀದಿಯ ಹೆಸರಿಗಿಂತ ಪ್ರಾಯೋಜಕರ ಹೆಸರು ದೊಡ್ಡದಾಗಿರುವ ಫಲಕ, ಅದರ ಪಕ್ಕದಲ್ಲಿ ಸೆಲ್ಫಿಗೆಂದು ಕೆಂಪು ಬಣ್ಣದ ಹೃದಯದ ಆಕೃತಿ. ಹೃದಯಭಾಗ ಎಂದರೆ ಇದೇ ಇರಬೇಕು.

ಮುಂದಿನದು ಅಲಂಕಾರ. ಕಾಲುದಾರಿಯ ಮೇಲೆ ಮೊಳ ಹಾಕಿ ಮಲ್ಲಿಗೆ ಮಾರುತ್ತಿದ್ದ ಹೆಂಗಸನ್ನು ಅಡಚಣೆಯೆಂದು ಎಬ್ಬಿಸಬೇಕು, ಆಮೇಲೆ ಸ್ಥಳೀಯ ಸಂಸ್ಕೃತಿಯ ಹೆಸರಿನಲ್ಲಿ ಅವಳದೇ ಚಿತ್ರವನ್ನು ಎರಡಾಳೆತ್ತರಕ್ಕೆ ಗೋಡೆಯ ಮೇಲೆ ಬಿಡಿಸಬೇಕು. ಬೀದಿ ವ್ಯಾಪಾರಿಗಳ ಹಕ್ಕನ್ನು ಕಾಪಾಡಲು ಸಂಸತ್ತು 2014ರಲ್ಲೇ ಕಾಯ್ದೆ ಮಾಡಿದೆ ನಿಜ. ಗೋಡೆಯ ಮೇಲಿನ ವ್ಯಾಪಾರಿಯನ್ನು ಯಾರೂ ಎಬ್ಬಿಸುತ್ತಿಲ್ಲವಲ್ಲ. ಅವಳು ಕೂರುತ್ತಿದ್ದ ಜಾಗಕ್ಕೆ ಒಂದು ಬೆಂಚು ಬರುತ್ತದೆ. ದಣಿದವರು ಯಾರೂ ಮೈ ಚಾಚದಂತೆ ಅದರ ನಡುಮಧ್ಯದಲ್ಲಿ ಕಬ್ಬಿಣದ ಕೈಯಾಸರೆ. ಸಾರ್ವಜನಿಕ ಸ್ಥಳ ಎಂದರೆ ಸಾರ್ವಜನಿಕರು ಹೆಚ್ಚು ಹೊತ್ತು ಇರಬಾರದ ಸ್ಥಳ.

ವಾಹನಗಳಿಗೆ ಈ ನಿಯಮವಿಲ್ಲ. ಫ್ರೀಡಂ ಪಾರ್ಕಿನ ಬಳಿ ಪಾಲಿಕೆ ಬಹುಮಹಡಿ ಪಾರ್ಕಿಂಗ್ ಕಟ್ಟಡ ಎಬ್ಬಿಸಿ, ನಡೆಸುವವರು ಸಿಗದೆ ವರ್ಷಗಟ್ಟಲೆ ಖಾಲಿ ಇಟ್ಟು, ಕಡೆಗೆ 2024ರಲ್ಲಿ ಖಾಸಗಿಯವರಿಗೆ ವಹಿಸಿ ತೆರೆಯಿತು. ರಸ್ತೆ ಬದಿಯಲ್ಲಿ ಪುಕ್ಕಟೆ ಜಾಗವಿರುವಾಗ ದುಡ್ಡು ಕೊಟ್ಟು ಮಹಡಿ ಹತ್ತಲು ಬೆಂಗಳೂರಿನ ಕಾರು ಮಾಲೀಕರೇನು ಮಂಡಿನೋವಿನ ಅಜ್ಜಿಯೇ?

ಇಷ್ಟು ಹೇಳಿದ ಮೇಲೂ ಒಂದು ಸಂಶಯ ಉಳಿಯುತ್ತದೆ. ಪಾಲುದಾರಿಕೆ ಎಂದಮೇಲೆ ಇಬ್ಬರಿರಬೇಕು. ಖಾಸಗಿಯವರು ಯಾರೆಂದು ಫಲಕ ನೋಡಿದರೆ ತಿಳಿಯುತ್ತದೆ. ಜನರ ಪರವಾಗಿ ಸಹಿ ಹಾಕಿದವರು ಯಾರು? ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಅವರನ್ನು ಆರಿಸಿದ ಚುನಾವಣೆ ನಡೆದದ್ದು 2015ರಲ್ಲಿ. ಆಮೇಲೆ ವಾರ್ಡುಗಳನ್ನು ಹೆಚ್ಚಿಸಿದರು, ಇಳಿಸಿದರು, ಮೀಸಲಾತಿ ಪಟ್ಟಿ ಹೊರಡಿಸಿದರು, ನ್ಯಾಯಾಲಯಕ್ಕೆ ಅಲೆದರು. 2025ರ ಸೆಪ್ಟೆಂಬರ್‌ನಲ್ಲಿ ಇದ್ದ ಒಂದು ಪಾಲಿಕೆಯನ್ನು ಐದು ಮಾಡಿದರು. ಹಾಗೆ ಐದು ವರ್ಷ ಕಾದ ಜನರಿಗೆ ಒಬ್ಬ ಸದಸ್ಯನ ಬದಲು ನಾಲ್ಕು ಹೆಚ್ಚುವರಿ ಪಾಲಿಕೆಗಳು ಸಿಕ್ಕವು. ಚರಂಡಿ ಕಟ್ಟಿಕೊಂಡರೆ ಬಾಗಿಲು ತಟ್ಟಲು ಒಂದು ಮನೆಯಿಲ್ಲದ ಈ ಐದು ವರ್ಷಗಳಲ್ಲಿ ಸ್ಕೈಡೆಕ್ ಎಂಬ 250 ಮೀಟರ್ ಎತ್ತರದ ವೀಕ್ಷಣಾ ಗೋಪುರಕ್ಕೆ ಜಾಗ ಹುಡುಕುವ ಕೆಲಸವಂತೂ ಬಿಡುವಿಲ್ಲದೆ ನಡೆಯಿತು. ಅಷ್ಟು ಎತ್ತರದಿಂದ ನೋಡಿದರೆ ರಸ್ತೆಗುಂಡಿ ಕಾಣುವುದಿಲ್ಲ ಎಂಬ ಒಂದು ಅನುಕೂಲವನ್ನು ಅಲ್ಲಗಳೆಯಲಾಗದು.

ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದು ಗೊಣಗುವುದು ಸುಲಭ. ಹಾಗೆ ಗೊಣಗಿ ಸುಮ್ಮನಾಗುವ ಬದಲು ನಾನೊಂದು ಪರಿಹಾರ ಸೂಚಿಸುತ್ತೇನೆ. ಚುನಾವಣೆ ನಡೆಸುವುದು ಸರ್ಕಾರಕ್ಕೆ ಇಷ್ಟು ಕಷ್ಟವಾಗುವುದಾದರೆ ಪಾಲಿಕೆ ಸದಸ್ಯರನ್ನೂ ಸಹಭಾಗಿತ್ವದಲ್ಲೇ ಒದಗಿಸಬಹುದು. ವಾರ್ಡಿಗೊಬ್ಬರಂತೆ ಸದಸ್ಯರನ್ನು ಖಾಸಗಿಯವರು ತಮ್ಮ ಖರ್ಚಿನಲ್ಲಿ ಸ್ಥಾಪಿಸಿ, 30 ವರ್ಷ ನಿರ್ವಹಿಸಿ, ಆಮೇಲೆ ಸುಸ್ಥಿತಿಯಲ್ಲಿ ಜನರಿಗೆ ಹಸ್ತಾಂತರಿಸತಕ್ಕದ್ದು. ಸದಸ್ಯರ ಬೆನ್ನು ಹಾಗೂ ಎದೆಯ ಮೇಲಿನ ಜಾಹೀರಾತು ಹಕ್ಕು ಪೂರ್ತಿಯಾಗಿ ಗುತ್ತಿಗೆದಾರರದು. ಹಣೆ ಮಾತ್ರ ಉಸ್ತುವಾರಿ ಸಚಿವರ ಭಾವಚಿತ್ರಕ್ಕೆ ಮೀಸಲು. ಸದಸ್ಯರು ಕೆಟ್ಟು ನಿಂತಲ್ಲಿ ರಟ್ಟು ಮತ್ತು ಹಗ್ಗದ ವೆಚ್ಚವನ್ನು ಗುತ್ತಿಗೆದಾರರೇ ಭರಿಸಬೇಕು. ಆಸಕ್ತರಿಗಾಗಿ ಟೆಂಡರ್ ಪೂರ್ವ ಸಭೆಯನ್ನು ನಗರದ ಹೃದಯಭಾಗದ ಪಂಚತಾರಾ ಹೋಟೆಲಿನಲ್ಲಿ ಏರ್ಪಡಿಸಬಹುದು. ಸಾರ್ವಜನಿಕರ ಅಭಿಪ್ರಾಯ ಸಂಗ್ರಹಿಸಲು ಹೊರಗೆ ಕಾವಲುಗಾರನ ಪಕ್ಕ ಒಂದು ಪೆಟ್ಟಿಗೆ ಇಡಿಸಿದರಾಯಿತು. ಒಳಗೆ ಹೋಗುವವರ ಕಾರು ನಿಲ್ಲಿಸಲು ಕಾಲುದಾರಿ ಹೇಗೂ ಇದೆ.